ಏಲೂರು ದಾಟಿದ ಮೇಲೆ

ಅಥವಾ ರೈಲಿನಲ್ಲಿ ಆ ಹೆಂಗಸು ಅಮ್ಮನ ಗಂಟಲಿಗೆ ಹಚ್ಚಿದ್ದು ಗಂಧವೇ ಅಲ್ಲವೇನೋ. ಮೈತುಂಬ ಗಂಧ ಮೆತ್ತಿದ ಸಿಂಹಾಚಲದ ದೇವರ ದರ್ಶನ ಮುಗಿಸಿ ಬರುತ್ತಿದ್ದವಳು, ಹಾಗಾಗಿ ಗಂಧವೆಂದು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಇಷ್ಟು ಚೆನ್ನಾಗಿ ಹೊಂದಿ ಕೂರುವ ವಿವರವನ್ನು ನಾನು ಈಗ ನಂಬುವುದಿಲ್ಲ. ನನ್ನ ಬಾಯಿಂದ ಬಂದ ಒಂದು ಮಾತನ್ನು ಮಾತ್ರ ನಂಬುತ್ತೇನೆ. ಎಷ್ಟು ಸಲ ನೆನೆದರೂ ಅದು ಬದಲಾಗಿಲ್ಲ.

ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಹಾಸನದಿಂದ ವಿಶಾಖಪಟ್ಟಣಕ್ಕೆ ಬಂದಿದ್ದೆವು. ಎಂಬತ್ತರ ದಶಕದ ಕೊನೆ, ನನಗೆ ಹದಿನಾಲ್ಕೋ ಹದಿನೈದೋ. ಎಂವಿಪಿ ಕಾಲೋನಿಯ ಮನೆಯಲ್ಲಿ ಅಮ್ಮ ಬೆಳಿಗ್ಗೆ ಐದಕ್ಕೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಗಂಟಲು ಹದ ಮಾಡಿಕೊಳ್ಳುತ್ತಿದ್ದಳು. ಮೊದಲು ಬಾಯಿ ಮುಚ್ಚಿ, ಆದಷ್ಟು ಕೆಳಗಿನ ಸ್ವರದಲ್ಲಿ ಒಂದೇ ಗುಂಯ್. ಆಮೇಲೆ ಬಾಯಿ ತೆರೆದು ಆಕಾರ, ಒಂದೊಂದೇ ಸ್ವರ ಮೇಲಕ್ಕೆ. "ಬತ್ತಿ ಎಣ್ಣೆ ಹೀರ್ದೆ ಹಚ್ಚಿದ್ರೆ ಬತ್ತಿನೇ ಸುಟ್ಟುಹೋಗತ್ತೆ ಕಣೇ" ಎನ್ನುತ್ತಿದ್ದಳು. ಪಕ್ಕದ ಮನೆಯ ಹುಡುಗಿ ನನ್ನ ಕ್ಲಾಸಿನವಳೇ. ಒಂದು ದಿನ ಎಲ್ಲರೆದುರು, "ನಿಮ್ಮನೇಲಿ ಐದಕ್ಕೇ ಮಿಕ್ಸಿ ಹಾಕ್ತೀರಲ್ಲ, ದಿನಾ ಯಾವ ಚಟ್ನಿ?" ಎಂದು ಕೇಳಿದಳು.

ವಿಜಯವಾಡದಲ್ಲಿ ಕನ್ನಡದವರೆಲ್ಲ ಸೇರುವ ಸಂಜೆಗೆ ಅಮ್ಮನಿಗೆ ಒಂದು ದೇವರನಾಮ ಹಾಡಲು ಹೇಳಿದ್ದರು. ಮದುವೆಯಾದ ಮೇಲೆ ವೇದಿಕೆ ಹತ್ತುವುದು ಅದೇ ಮೊದಲು. ನಾಲ್ಕು ದಿನ ಮೊಸರು, ಉಪ್ಪಿನಕಾಯಿ ಮುಟ್ಟಲಿಲ್ಲ. ಮೆಣಸಿನ ಕಷಾಯ ಕುಡಿದಳು. ಅಪ್ಪನಿಗೆ ರಜ ಸಿಗದೆ ನಾವಿಬ್ಬರೇ ಹೊರಟೆವು. ರೈಲು ಹತ್ತುವ ಮುಂಚೆ, "ಏಲೂರು ದಾಟಿದ ಮೇಲೆ ಶುರು ಮಾಡ್ತೀನಿ. ಇಳಿಯೋ ಹೊತ್ತಿಗೆ ಹದ ಬಂದಿರತ್ತೆ. ಅಲ್ಲಿವರೆಗೂ ಮಾತಾಡಿಸ್ಬೇಡ" ಎಂದು ಬಾಯಿ ಮುಚ್ಚಿಕೊಂಡಳು.

ಎದುರು ಕೂತ ಹೆಂಗಸು ಎಲ್ಲಿಗೆ ಹೊರಟಿರಿ ಎಂದು ತೆಲುಗಿನಲ್ಲಿ ಕೇಳಿದಳು. ಅಮ್ಮ ನಕ್ಕು, ಗಂಟಲು ಮುಟ್ಟಿ, ಕೈ ಅಲ್ಲಾಡಿಸಿದಳು. ಆಕೆ ನನ್ನ ಕಡೆ ತಿರುಗಿ, "ಅಯ್ಯೋ ಪಾಪಂ, ಮಾಟಲು ರಾವಾ?" ಎಂದಳು. ಮಾತು ಬರಲ್ವಾ ಅಂತ.

ಇಲ್ಲ, ಹಾಡುತ್ತಾಳೆ, ಗಂಟಲು ಕಾಪಾಡಿಕೊಳ್ಳುತ್ತಿದ್ದಾಳೆ ಎನ್ನಬಹುದಿತ್ತು. ಹಾಗೆಂದರೆ ಹಾಡಿ ಎನ್ನುತ್ತಾರೆ, ಇಡೀ ಬೋಗಿ ಕಿವಿಗೊಡುತ್ತದೆ, ಅಮ್ಮ ಆ ಗುಂಯ್ ಶುರುಮಾಡುತ್ತಾಳೆ.

"ರಾವಂಡಿ," ಎಂದೆ. ಬರಲ್ಲ.

ಹುಟ್ಟಿದಾಗಿಂದಲೇನಾ ಎಂದಳು. ಅದಕ್ಕೂ ಹೌದೆಂದೆ.

ಆಕೆ ಆಚೀಚೆಯವರಿಗೆಲ್ಲ ಹೇಳಿದಳು. ಯಾರೋ ಅಮ್ಮನಿಗೆ ಕಿಟಕಿಯ ಪಕ್ಕ ಜಾಗ ಬಿಟ್ಟರು. ಆಕೆ ಎಲೆಯ ಪೊಟ್ಟಣ ಬಿಚ್ಚಿ, ಸಿಂಹಾಚಲದ ಅಪ್ಪನ್ನಸ್ವಾಮಿ ಮಾತು ಬರಿಸುತ್ತಾನೆಂದು ಅಮ್ಮನ ಗಂಟಲಿಗೆ ಗಂಧ ಸವರಿದಳು. ಗಂಧವೋ ಕುಂಕುಮವೋ. ತಂಪೆಂದರೆ ಹೆದರುವ ಅಮ್ಮ ಕಣ್ಣು ಮುಚ್ಚಿ ಸವರಿಸಿಕೊಂಡಳು. ಇದು ನೆನಪಿದೆ, ಏಕೆಂದರೆ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹಾಗಿದ್ದರೆ ಅವಳು ಕಣ್ಣು ಮುಚ್ಚಿದ್ದು ಹೇಗೆ ಕಂಡಿತು?

ಏಲೂರು ಬಂತು, ಹೋಯಿತು. ಅಮ್ಮ ಫ್ಲಾಸ್ಕಿನ ಬಿಸಿನೀರು ಕುಡಿದಳು. ಗುಂಯ್ ಎನ್ನಲಿಲ್ಲ. ಹೊಲಗಳನ್ನು ನೋಡುತ್ತ ಕೂತಳು. ನನಗೆ ಹಾಯೆನಿಸಿತು. ಬರೆಯಲು ಅತಿ ಕಷ್ಟವಾದ ಸಾಲು ಇದು: ನನಗೆ ಹಾಯೆನಿಸಿತು.

ರೈಲು ತಡವಾಗಿತ್ತು. ಸ್ಟೇಷನ್ನಿನಿಂದ ರಿಕ್ಷಾದಲ್ಲಿ ನೇರ ಸಭೆಗೆ, ನೇರ ವೇದಿಕೆಗೆ. ಪಲ್ಲವಿ ದಾಟಿತು. ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ದನಿ ಒಡೆಯಿತು. ಮತ್ತೊಮ್ಮೆ ಪ್ರಯತ್ನಿಸಿದಳು, ಮತ್ತೆ ಒಡೆಯಿತು. ಉಳಿದದ್ದನ್ನು ಕೆಳಗಿನ ಸ್ವರದಲ್ಲೇ ಮುಗಿಸಿ ಇಳಿದಳು. ಊಟದ ಸಾಲಿನಲ್ಲಿ ಒಬ್ಬ ಹಿರಿಯರು, "ಪ್ರಯಾಣದ ಆಯಾಸ, ಬಿಡೀಮ್ಮ" ಎಂದರು.

"ಆಯಾಸ ಅಲ್ಲ ಸಾರ್. ಗಂಟ್ಲು ಹದ ಮಾಡ್ಕೊಳ್ಳಲಿಲ್ಲ. ನಂದೇ ತಪ್ಪು," ಎಂದಳು ಅಮ್ಮ. ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ.

ಮನೆಗೆ ಬಂದ ಮೇಲೆ ಐದು ಗಂಟೆಯ ಗುಂಯ್ ನಿಂತಿತು. ಒಮ್ಮೆಲೇ ನಿಂತಿತೋ, ದಿನದಿಂದ ದಿನಕ್ಕೆ ಕಡಿಮೆಯಾಯಿತೋ ಹೇಳಲಾರೆ. ನಾನು ಆ ಹೊತ್ತಿಗೆ ಮಲಗಿರುತ್ತಿದ್ದೆ.

ಅಮ್ಮನ ತೆಲುಗು ತರಕಾರಿಯವಳ ಜೊತೆಗಿನ ಚೌಕಾಸಿಗೆ ಸಾಕಾಗುವಷ್ಟಿತ್ತು. ನಾನು ಅಂದದ್ದು ಅವಳಿಗೆ ತಿಳಿದಿತ್ತೇ, ನನ್ನ ಸುಳ್ಳು ಬಯಲಾಗದಿರಲೆಂದೇ ಸುಮ್ಮನಿದ್ದಳೇ, ಇಲ್ಲ ಅಷ್ಟು ಜನರ ಮುಂದೆ ಅವಳಿಗೇ ನಾಚಿಕೆಯಾಯಿತೇ? ಆಮೇಲೆ ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.