ಕಪ್ಪು ಬಿಳಿ ಪಟ್ಟಿಯ ಮೇಲೊಂದು ಕಿಸೆ

ಬೆಳಗಿನ ಐದೂವರೆ. ನೇಸರಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಿನ ಕ್ಯಾನುಗಳ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ನಾಗರತ್ನಾ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಫುಟ್‌ಬಾಲ್ ಜೆರ್ಸಿಯೊಂದರ ಎಡ ಎದೆಯ ಮೇಲಿನ ಕಿಸೆಯ ಬಾಯಿ ಮುಚ್ಚಿ ಹೊಲಿಯುತ್ತಿದ್ದಾರೆ. ಇಂಥವು ಹದಿನಾರು. ಒಂಬತ್ತು ಮುಗಿದಿವೆ.

ಎಂಟಕ್ಕೆ ನೇಸರಗಿ ತರುಣ ಮಂಡಳದ ಟೆಂಪೊ ರಾಮದುರ್ಗದ ಪಂದ್ಯಕ್ಕೆ ಹೊರಡುತ್ತದೆ. ಅಲ್ಲಿಯ ರೆಫರಿ ಈ ಅಂಗಿಗಳನ್ನು ಒಪ್ಪದಿದ್ದರೆ ಮುಂದಿನ ಸಲದಿಂದ ಬೆಳಗಾವಿಯಿಂದ ಛಾಪಿಸಿದ ಜೆರ್ಸಿ ತರಿಸುವುದೆಂದು ಮಂಡಳ ಗೊತ್ತು ಮಾಡಿದೆ. ಏಳು ವರ್ಷದಿಂದ ತಂಡಕ್ಕೆ ಅಂಗಿ ಹೊಲಿದ ಕೈಗೆ ಇದು ಕಡೆಯ ಕೆಲಸವಾಗಲೂಬಹುದು.

“ಮಷೀನ್ ಹಾಕಿದ್ರ ಲಗೂ ಆಗತಿತ್ರಿ,” ಎನ್ನುತ್ತಾರೆ ದಾರ ಕಚ್ಚುತ್ತ. “ಆದರ ಹೊಲಿಗಿ ಎದ್ದು ಕಾಣತೈತಿ. ಕೈಲೆ ಹಾಕಿದ್ರ ಒಳಗ ಅಡಗತೈತಿ.”

ನಾಗರತ್ನಾಗೆ ಈಗ ನಲವತ್ತೆಂಟು. ಸಂಗೊಳ್ಳಿಯಿಂದ ಸೊಸೆಯಾಗಿ ಬಂದವರು. ಗಂಡ ಲಕ್ಷ್ಮಣನ ಬಲಗೈ ಬೆಲ್ಲದ ಗಾಣಕ್ಕೆ ಸಿಕ್ಕ ವರ್ಷ ಮಷೀನಿನ ಮುಂದೆ ಕುಳಿತವರು, ಇನ್ನೂ ಎದ್ದಿಲ್ಲ. ದಿನಕ್ಕೆ ಆರು ಕುಪ್ಪಸ, ಸಾಲೆ ಸುರುವಾಗುವ ಜೂನ್‌ನಲ್ಲಿ ಹತ್ತು ಯೂನಿಫಾರ್ಮ್. ಗುಂಡಿ ಹಚ್ಚುವುದು, ಇಸ್ತ್ರಿ ಮಾಡುವುದು ಲಕ್ಷ್ಮಣನ ಎಡಗೈ ಕೆಲಸ.

ಜೆರ್ಸಿಯ ಕಥೆ ಸುರುವಾದದ್ದು ನೀಲಕಂಠ ಮಾಸ್ತರರಿಂದ. ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಅವರು ಈಗ ಬೈಲಹೊಂಗಲದಲ್ಲಿದ್ದಾರೆ. ಮನೆತನದ ಹಿರಿಯರು ಪಂಚಾಂಗ ನೋಡಿ ತಿಥಿ ಹೇಳುತ್ತಿದ್ದರು. ಮಾಸ್ತರರು ಹೇಳುವುದು ಇಟಲಿಯ ಜುವೆಂಟಸ್ ಕ್ಲಬ್ಬಿನ ತಾರೀಖು. ಆ ಹೆಸರಿಗೆ ಲ್ಯಾಟಿನ್ನಿನಲ್ಲಿ ತಾರುಣ್ಯ ಎಂದರ್ಥ. ೧೮೯೭ರಲ್ಲಿ ತುರಿನ್ ಪಟ್ಟಣದ ಸಾಲೆ ಹುಡುಗರು ಕಟ್ಟಿದ ತಂಡ ಅದು. ನಮ್ಮ ತರುಣ ಮಂಡಳಕ್ಕೂ ಅದೇ ಅಂಗಿ ಇರಲಿ ಎಂದು ಪತ್ರಿಕೆಯ ಚಿತ್ರವೊಂದನ್ನು ಕತ್ತರಿಸಿ ನಾಗರತ್ನಾಗೆ ಕೊಟ್ಟರು.

ಪಟ್ಟಿಯ ಬಟ್ಟೆ ಪೇಟೆಯಲ್ಲಿ ಸಿಗಲಿಲ್ಲ. ಕಪ್ಪು, ಬಿಳಿ ಬೇರೆ ಬೇರೆ ತಂದು, ಸೀಳಿ, ಒಂದಕ್ಕೊಂದು ಕೂಡಿಸಿದರು. ಮುಂದೆ ಒಂಬತ್ತು ಪಟ್ಟಿ, ಹಿಂದೆ ಒಂಬತ್ತು. ಅಂಗಿಗೆ ಹದಿನಾರು ಉದ್ದ ಹೊಲಿಗೆ. ಚಿತ್ರ ಮಸುಕಾಗಿತ್ತು. ಎಡ ಎದೆಯ ಮೇಲಿದ್ದ ಕ್ಲಬ್ಬಿನ ಲಾಂಛನವನ್ನು ಕಿಸೆಯೆಂದೇ ತಿಳಿದು ಕಿಸೆ ಇಟ್ಟುಬಿಟ್ಟರು.

“ಹಂಗ ತಿಳಕೊಂಡ್ರ ತಪ್ಪೇನೈತ್ರಿ? ಕಿಸೆ ಇಲ್ಲದ ಅಂಗಿ ತೊಟ್ಟಲದಾಗಿನ ಕೂಸಿಗಷ್ಟ ಹೊಲೀತಾರ.”

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ, ಪಡಸಾಲೆಯಲ್ಲಿ ಕುಳಿತು ಇತಿಹಾಸ ಹೇಳಿದರು. ಜುವೆಂಟಸ್‌ನವರ ಮೊದಲ ಅಂಗಿ ಗುಲಾಬಿ ಬಣ್ಣದ್ದು, ಒಗೆದು ಒಗೆದು ಬಿಳಿಚಿತು. ೧೯೦೩ರಲ್ಲಿ ಇಂಗ್ಲೆಂಡಿಗೆ ಹೇಳಿಕಳಿಸಿದರೆ, ಅಲ್ಲಿಯ ಗೆಳೆಯನೊಬ್ಬ ತನ್ನೂರ ತಂಡದ ಕಪ್ಪು ಬಿಳಿ ಪಟ್ಟಿಯವನ್ನೇ ಕಳಿಸಿದನಂತೆ. ಬಂದದ್ದನ್ನೇ ತೊಟ್ಟರು. ಎರಡು ವರ್ಷಕ್ಕೆ ದೇಶದ ಚಾಂಪಿಯನ್ ಆದರು. ಬಂದ ಅಂಗಿಯೇ ಗುರುತಾಯಿತು.

ಕಿಸೆಯೂ ಹಾಗೆಯೇ ಉಳಿಯಿತು. ಆಡುವ ಮುಂಚೆ ಸವದತ್ತಿ ಎಲ್ಲಮ್ಮನ ಭಂಡಾರ ಒಂದು ಚಿಟಿಕೆ ಅದರಲ್ಲಿ ಹಾಕಿಕೊಳ್ಳುವುದು ತಂಡದ ರೂಢಿ. ಬೆವರಿಗೆ ಆ ಅರಿಸಿನ ಇಳಿದು ಬಿಳಿ ಪಟ್ಟಿಯ ಮೇಲೆ ಹಳದಿ ಕಲೆ. ಹತ್ತನೆಯ ಸಲ ದೇಶದ ಚಾಂಪಿಯನ್ ಆದಾಗ, ೧೯೫೮ರಲ್ಲಿ, ಜುವೆಂಟಸ್‌ನವರು ಎದೆಗೆ ಬಂಗಾರದ ಚುಕ್ಕಿ ಇಟ್ಟುಕೊಂಡರು. “ಅವರದು ಗೆದ್ದ ಚುಕ್ಕಿ. ನಮ್ಮ ಹುಡುಗರದು ಗೆಲ್ಲೂಕಿಂತ ಮದಲ ಬಿದ್ದಿದ್ದು,” ಎಂದು ನಾಗರತ್ನಾ ನಗುತ್ತಾರೆ.

ಎಡವಟ್ಟಾದದ್ದು ಹೋದ ವರ್ಷ ಸವದತ್ತಿಯಲ್ಲಿ. ಎದುರಾಳಿಯ ಬೆರಳು ಕಿಸೆಗೆ ಸಿಕ್ಕಿತು, ಭಂಡಾರ ಹಾರಿ ಅವನ ಕಣ್ಣಿಗೆ ಬಿತ್ತು. ಕಿಸೆ ತೆಗೆಯಿರಿ, ಇಲ್ಲ ಬೇರೆ ಅಂಗಿ ತನ್ನಿರಿ ಎಂದು ರೆಫರಿ ತಾಕೀತು ಮಾಡಿದರು.

ಏಳೂವರೆಗೆ ನಾಯಕ ಭೀಮಶಿ ಬರುತ್ತಾನೆ. ಗೊಬ್ಬರದ ಅಂಗಡಿಯಲ್ಲಿ ಕೆಲಸ, ತಂಡದಲ್ಲಿ ಗೋಲ್‌ಕೀಪರ್.

“ಅಕ್ಕಾ, ಕಿತ್ತೇ ಒಗದಿದ್ರ ಆಗತಿತ್ತಲ್ಲ. ಇದ್ಯಾಕ ಬೇಕಿತ್ತ ತ್ರಾಸ?”

“ಕಿತ್ತರ ಕಿತ್ತ ಜಾಗ ಕಾಣತೈತೋ ತಮ್ಮಾ. ಸುತ್ತೆಲ್ಲಾ ಬಿಸಿಲಿಗೆ ಬಣ್ಣ ಹೋಗೇತಿ, ಅದರ ಬುಡಕಷ್ಟ ಹೊಸಾ ಕರೇದು ಉಳದೈತಿ.”

“ಭಂಡಾರ ಎಲ್ಲಿ ಹಾಕೂದ ಮತ್ತ?”

“ಹಣಿಗೆ ಹಚ್ಗೊ. ದೇವಿ ಕಿಸೇನ ಬೇಕಂದಾಳೇನು?”

ಕಿತ್ತ ಜಾಗದ ಮಾತನ್ನು ಅವರು ಹಿಂದೊಮ್ಮೆ ಮಾಸ್ತರರಿಗೂ ಹೇಳಿದ್ದರಂತೆ, ಜುವೆಂಟಸ್‌ನ ಪ್ರಶಸ್ತಿ ಕಿತ್ತ ಕಥೆ ಕೇಳಿದಾಗ. ೨೦೦೬ರಲ್ಲಿ, ರೆಫರಿಗಳ ನೇಮಕದ ಹಗರಣದಲ್ಲಿ, ತಂಡದ ಎರಡು ಪ್ರಶಸ್ತಿ ಕಿತ್ತುಕೊಂಡು ತಂಡವನ್ನು ಕೆಳಗಿನ ದರ್ಜೆಗೆ ತಳ್ಳಿದರು. ಒಂದೇ ವರ್ಷಕ್ಕೆ ಮೇಲೆ ಬಂದು, ಮುಂದೆ ೨೦೨೦ರವರೆಗೆ ಒಂಬತ್ತು ವರ್ಷ ಸಾಲಾಗಿ ದೇಶದ ಚಾಂಪಿಯನ್ ಆದರು. ದಫ್ತರದಲ್ಲಿ ಮೂವತ್ತಾರು ಪ್ರಶಸ್ತಿ. ಅಭಿಮಾನಿಗಳು ಇಂದಿಗೂ ಮೂವತ್ತೆಂಟು ಎನ್ನುತ್ತಾರೆ. ಯುರೋಪಿನ ದೊಡ್ಡ ಕಪ್ ಗೆದ್ದದ್ದು ಎರಡು ಸಲ. ಮೊದಲನೆಯದು ೧೯೮೫ರದು. ಅದರ ಮಾತು ಬಂದರೆ ನಾಗರತ್ನಾ ಸೂಜಿ ನಿಲ್ಲಿಸುತ್ತಾರೆ. “ಆಟ ಸುರು ಆಗೂಕಿಂತ ಮದಲ ಗದ್ದಲದಾಗ ಗ್ವಾಡಿ ಬಿದ್ದು ಮೂವತ್ತೊಂಬತ್ತು ಮಂದಿ ಸತ್ರಂತ್ರಿ. ಆ ಕಪ್ಪಿನ ಸುದ್ದಿ ಮಾಸ್ತರ್ರು ಸಾವಕಾಶ ಹೇಳ್ತಾರ.”

ಎಂಟಕ್ಕೆ ಟೆಂಪೊ ಹೋಗುತ್ತದೆ. ನಾಗರತ್ನಾ ಕುಪ್ಪಸಕ್ಕೆ ಕೂರುತ್ತಾರೆ. ಇದುವರೆಗೆ ಒಂದೂ ಪಂದ್ಯ ನೋಡಿದವರಲ್ಲ. ಹನ್ನೊಂದರ ನಂತರ ಫೋನು ಮಷೀನಿನ ಮೇಲೆಯೇ ಇದೆ; ಎರಡು ಸಲ ಕುಪ್ಪಸದ ತೋಳನ್ನು ತಿರುವುಮುರುವು ಹಚ್ಚಿ ಬಿಚ್ಚುತ್ತಾರೆ. “ಇವತ್ತ ಆಕಿ ಕೈ ರಾಮದುರ್ಗದಾಗೈತ್ರಿ,” ಎನ್ನುತ್ತಾನೆ ಲಕ್ಷ್ಮಣ.

ಒಂದಕ್ಕೆ ಫೋನು ಬರುತ್ತದೆ. ಭೀಮಶಿಯ ದನಿ ಸಣ್ಣದಾಗಿದೆ. “ಸೋತ್ವಿ ಅಕ್ಕಾ. ಎರಡಕ್ಕೊಂದು.”

“ಅಂಗಿ?”

“ಅಂಗಿ ಪಾಸಾದ್ವು. ರೆಫರಿ ಒಂದೊಂದು ಕಿಸೆಗೆ ಬೆರಳಿಟ್ಟು ಜಗ್ಗಿ ನೋಡಿದ್ರು.”

“ಯಾವುದರ ಹೊಲಿಗಿ ಬಿಡ್ತೇನು?”

“ಒಂದೂ ಬಿಟ್ಟಿಲ್ಲ.”

ಫೋನಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಾರೆ.

“ತುರಿನ್‌ನವರ ಅಂಗಿ ಒಂದು ಕೈಗೆ ಸಿಗಬೇಕ್ರಿ. ಹಾಕ್ಕೊಳ್ಳಾಕಲ್ಲ, ಒಳಮಗ್ಗಲ ತಿರುವಿ ನೋಡಾಕ. ಭುಜದ ಮ್ಯಾಲೆ ಮುಂದಿನ ಪಟ್ಟಿಗೆ ಹಿಂದಿನ ಪಟ್ಟಿ ಸರಿಯಾಗಿ ಕೂಡತಾವೋ ಇಲ್ಲೋ ಅಂತ.”

ಕುಪ್ಪಸವನ್ನು ಮತ್ತೆ ಸೂಜಿಯ ಕೆಳಗೆ ಸರಿಸುತ್ತಾರೆ.

“ನಮ್ಮವು ಕೂಡತಾವು.”