ನೆನೆಹಾಕಿದ ನೆನಪು

ತಿರುವಿನ ಲಾಂಡ್ರಿಯವಳನ್ನು ಬೀದಿಯವರೆಲ್ಲ ‘ಕಲಾವಿದೆ’ ಎಂದೇ ಕರೆಯುತ್ತಾರೆ. ಅವಳು ಹಾಡಿದವಳಲ್ಲ, ಕುಣಿದವಳಲ್ಲ. ಬಟ್ಟೆಯ ಕಲೆ ತೆಗೆಯುವುದರಲ್ಲಿ ಎತ್ತಿದ ಕೈ. ಬೇರೆ ಕಲಾವಿದರು ಕಲೆಯನ್ನು ಉಳಿಸಲು ಹೆಣಗುತ್ತಾರೆ, ಇವಳು ಅಳಿಸಲು ಹೆಣಗುತ್ತಾಳೆ. ಅಂಗಡಿಯ ಹಿಂಭಾಗದ ತೊಟ್ಟಿ, ಬಕೆಟ್ಟು, ಬ್ರಶ್ಶುಗಳು ಅವಳ ವಶ. ಮುಂಭಾಗದ ಮೇಜು ಗಂಡನ ವಶ. ಒಬ್ಬಳು ಸ್ತ್ರೀ, ಒಬ್ಬ ಇಸ್ತ್ರಿ. ಸದಾ ಬಿಸಿಯಾಗಿರುವವನು ಅವನು.

ಯಾರ ಅಂಗಿಗೆ ಚಹಾ ಚೆಲ್ಲಿದೆ, ಯಾರ ಪ್ಯಾಂಟಿಗೆ ಶಾಯಿ ಸೋರಿದೆ ಎಂಬುದೆಲ್ಲ ಮೊದಲು ಅವಳ ತಲೆಯಲ್ಲೇ ಇರುತ್ತಿತ್ತು. ಹೋದ ವರ್ಷ ಬಂದ ಜ್ವರ ಹೋಗುವಾಗ ಒಂದಿಷ್ಟು ನೆನಪನ್ನೂ ಹೊತ್ತುಕೊಂಡು ಹೋಯಿತು. ಬಕೆಟ್ಟಿನಲ್ಲಿ ಬಟ್ಟೆ ನೆನೆಯುತ್ತಿತ್ತು. ಅದು ಯಾರದೆಂದು ಅವಳಿಗೆ ನೆನೆಯಲಾಗುತ್ತಿರಲಿಲ್ಲ. ಒಂದು ದಿನ ದಂತವೈದ್ಯೆಯ ಬಿಳಿ ಕೋಟನ್ನು ಬಿಸಿನೀರಿಗೆ ಹಾಕಿಬಿಟ್ಟಳು. ತೋಳಿನಲ್ಲಿದ್ದದ್ದು ರಕ್ತ. ಬಿಸಿ ತಾಗಿದ್ದೇ ತಡ, ಅದು ನೂಲಿಗೆ ಕಚ್ಚಿಕೊಂಡು ಕೂತಿತು. “ಪರವಾಗಿಲ್ಲ ಬಿಡಿ” ಎಂದರು ವೈದ್ಯೆ. ಹಲ್ಲು ಕಚ್ಚಿಕೊಂಡು ಹೇಳಿದ ಮಾತೆಂದು ಯಾರಿಗಾದರೂ ಗೊತ್ತಾಗುವಂತಿತ್ತು.

“ಸಾಕು ಕಣೇ,” ಎಂದ ಗಂಡ. “ಇನ್ಮೇಲೆ ಇಸ್ತ್ರಿ ಮಾತ್ರ. ಮುಂದಿನ ತಿಂಗಳು ಪೇಂಟರ್ ಬರ್ತಾನೆ. ಬೋರ್ಡಲ್ಲಿ ‘ಕಲೆ ತೆಗೆಯಲಾಗುವುದು’ ಅಂತಿದ್ಯಲ್ಲ, ಆ ಸಾಲು ಅಳಿಸಿಬಿಡ್ತೀನಿ.”

“ನಾನು ಬದುಕಿರೋವಾಗ್ಲೇ ನನ್ನ ಕಲೆ ತೆಗೀತೀರಾ?” ಎಂದು ನಗಲು ನೋಡಿದಳು.

ಮಗಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾಳೆ. ಜೋಡಿಸಿಡದೆ ಬಿಟ್ಟದ್ದು ಕಂಡರೆ ಅವಳಿಗೆ ಕೈ ತುರಿಸುತ್ತದೆ. ತಾಯಿಯ ಫೋನಿನಲ್ಲಿ ಟಿಪ್ಪಣಿಯ ಆ್ಯಪ್ ಹಾಕಿ, ‘ತುರ್ತು’, ‘ಮುಖ್ಯ’, ‘ಆಮೇಲೆ’ ಎಂದು ಮೂರು ಫೋಲ್ಡರ್ ಮಾಡಿಕೊಟ್ಟಳು. ಒದ್ದೆ ಕೈಯಲ್ಲಿ ಟೈಪ್ ಮಾಡುವುದೆಲ್ಲಿಂದ ಬಂತು? ಕಲಾವಿದೆ ಬಾಯಲ್ಲಿ ಹೇಳಿದಳು, ಫೋನು ಬರೆದುಕೊಂಡಿತು. ಅದಕ್ಕೋ, ಳಕಾರ ಲಕಾರಗಳ ಭೇದಭಾವವೇ ಇಲ್ಲ. ಸಂಜೆ ಓದಿದ ಗಂಡ ಹೌಹಾರಿದ.

“ಏನೇ ಇದು? ‘ಮೇಷ್ಟ್ರ ಕಾಲರಿನಲ್ಲಿ ಕೊಲೆ. ನಾಳೆ ಮುಗಿಸಬೇಕು. ಗುರುತು ಉಳಿಯಬಾರದು.’”

“ಕೊಳೆ ಕಣ್ರೀ, ಕೊಳೆ!”

“ಅದನ್ನ ಪೊಲೀಸರಿಗೆ ಹೇಳು.”

“ಅಮ್ಮಾ, ನಾಲಿಗೆ ಮಡಚಿ ಹೇಳು,” ಎಂದಳು ಮಗಳು.

“ಮಡಚೇ ಹೇಳಿದೀನಿ ಕಣೇ. ಅದರ ಕಿವಿಯೇ ಮಡಚಿಕೊಂಡಿದೆ!”

ಕೊಲೆಗಿಂತ ದೊಡ್ಡ ತೊಡಕು ಬೇರೆಯಿತ್ತು. ಬಟ್ಟೆ ಕೊಟ್ಟವರಿಗೆಲ್ಲ ಅವರವರದು ತುರ್ತೇ. ಒಂದು ಫೋಲ್ಡರ್ ಹೊಟ್ಟೆ ಬಿರಿಯುವಷ್ಟು ತುಂಬಿತು, ಉಳಿದೆರಡು ಉಪವಾಸ ಬಿದ್ದವು. ಒಂದು ಮಧ್ಯಾಹ್ನ ಕಲಾವಿದೆ ಮೂರನ್ನೂ ಅಳಿಸಿ ಹೊಸ ಹೆಸರಿಟ್ಟಳು: ‘ತಣ್ಣೀರು’, ‘ಬಿಸಿನೀರು’, ‘ನೆನೆಯಲಿ’. ಬಟ್ಟೆಯ ಫೋಟೋ, ಕೊಟ್ಟವರು ಯಾರು, ಏನು ಬಿದ್ದದ್ದು ಎಂಬುದನ್ನೆಲ್ಲ ಸೇರಿಸಿ, ಆ ಬಟ್ಟೆಗೆ ಮೊದಲು ಯಾವುದು ಬೇಕೋ ಆ ಫೋಲ್ಡರಿಗೆ ಕಳಿಸುವುದು. ಹಾಳಾದ ಕೋಟಿನ ಫೋಟೋವನ್ನೂ ಬಿಡಲಿಲ್ಲ. ತನ್ನ ತಪ್ಪನ್ನು ಎಲ್ಲಕ್ಕಿಂತ ಮೇಲೆ, ದಿನವೂ ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಳ್ಳುವ ಎದೆಗಾರಿಕೆ ಎಷ್ಟು ಜನಕ್ಕಿದೆ?

ಆಮೇಲೆ ಮನೆಯ ಕೆಲಸಗಳೂ ಅಲ್ಲಿಗೇ ಇಳಿದವು. ಮುನಿಸಿಕೊಂಡ ನಾದಿನಿಯ ಜೊತೆ ಮಾತಾಡುವುದು ತಣ್ಣೀರಿಗೆ. ಪದೇ ಪದೇ ಕೈಕೊಟ್ಟ ಪ್ಲಂಬರ್ ಬಿಸಿನೀರಿಗೆ. ತೊಟ್ಟಿಯ ಪಕ್ಕ ಕಿಟಕಿ ಇಡಿಸುವ ಯೋಚನೆ ‘ನೆನೆಯಲಿ’ಗೆ. ಈಜು ಕಲಿಯುವ ಆಸೆಯಂತೂ ತಾನಾಗಿಯೇ ಅಲ್ಲಿಗೆ ಜಾರಿತು.

“ಹೀಗೆ ಜೋಡಿಸಿದ್ರೆ ಯಾವ ಗ್ರಂಥಾಲಯದಲ್ಲೂ ಒಪ್ಪಲ್ಲಮ್ಮಾ.”

“ನಿನ್ನ ಗ್ರಂಥಾಲಯದಲ್ಲಿ ಪುಸ್ತಕ ಒಗೀತಾರಾ?”

ಪೇಂಟರ್ ಬರುವ ಹಿಂದಿನ ದಿನ ಅಂಚೆಯಣ್ಣ ಕುಂಟುತ್ತ ಬಂದ. ಸೈಕಲ್ಲಿನಿಂದ ಬಿದ್ದಿದ್ದ, ಯೂನಿಫಾರ್ಮಿನ ಒಂದೇ ತೋಳಿಗೆ ಮೊಣಕೈಯ ರಕ್ತವೂ ಚೈನಿನ ಗ್ರೀಸೂ ಮೆತ್ತಿಕೊಂಡಿದ್ದವು. “ನಾಳೆ ಡ್ಯೂಟಿಗೆ ಇದೇ ಬೇಕಕ್ಕಾ.”

ಗಂಡ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಒಳಬಾಗಿಲಲ್ಲಿ ಬಂದು ನಿಂತ. ಕಪ್ಪಗೆ ಮಿಂಚುತ್ತಿದ್ದ ಗ್ರೀಸು ಕಂಡು ಅವಳ ಕೈ ಬಿಸಿನೀರಿನ ನಲ್ಲಿಗೆ ಹೋಯಿತು. ಅಲ್ಲೇ ನಿಂತಿತು. ಎರಡೂ ಮೆತ್ತಿದ್ದರೆ ಮೊದಲು ಯಾವ ನೀರೆಂದು ನೆನಪಾಗಲಿಲ್ಲ. ಗಂಡ ನೋಡುತ್ತಿದ್ದಾನೆಂದು ಗೊತ್ತಿತ್ತು. ಊಹೆಯ ಮೇಲೆ ತಿರುಗಿಸಿಬಿಡಬಹುದಿತ್ತು. ತಿರುಗಿಸಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು, ಸಂಕೋಚವಿಲ್ಲದೆ ಫೋನು ತೆರೆದಳು. ಕೋಟಿನ ಫೋಟೋದ ಕೆಳಗೆ ಅವಳದೇ ಮಾತಿತ್ತು: ‘ರಕ್ತ ಇದ್ದರೆ ಮೊದಲು ತಣ್ಣೀರು. ಬೇರೆ ಏನೇ ಇರಲಿ, ಅದು ಕಾಯಲಿ.’

ತಣ್ಣೀರಿನಲ್ಲಿ ಉಜ್ಜಿ ಉಜ್ಜಿ ರಕ್ತವನ್ನು ಪೂರ್ತಿ ಬಿಡಿಸಿದಳು. ಆಮೇಲೆ ಸೋಪು, ಬಿಸಿನೀರು. ಗ್ರೀಸೂ ಸೋತಿತು. ಒಣಗಿದ ಅಂಗಿ ಮೇಜಿಗೆ ಬಂದಾಗ ಗಂಡ ತೋಳನ್ನು ತಿರುವಿ, ಬೆಳಕಿಗೆ ಹಿಡಿದು ನೋಡಿದ.

“ಎಲ್ಲಿತ್ತೇ ಅದು?”

“ನೀವೇ ಹುಡುಕಿ.”

ಅವನು ಹುಡುಕಿದ. ಬಹಳ ಹೊತ್ತು ಹುಡುಕಿದ.

ಬೆಳಗ್ಗೆ ಪೇಂಟರ್ ಏಣಿ ಹತ್ತಿ ಬೋರ್ಡನ್ನು ಉಜ್ಜಲು ಹೊರಟಾಗ ಗಂಡ ಕೆಳಗಿನಿಂದ ಕೂಗಿದ: “ಅಳಿಸೋದು ಬೇಡಪ್ಪ! ಆ ಸಾಲು ಮಾಸಿಹೋಗಿದೆ. ಅದರ ಮೇಲೇ ಇನ್ನೊಂದು ಸಲ ದಪ್ಪಗೆ ಬರಿ.”

“ಸ್ವಾಮಿ, ಕೆಳಗೆ ಬಟ್ಟೆ ನೇತುಹಾಕಿದೀರ. ಬಣ್ಣ ಬಿದ್ರೆ?”

ತೊಟ್ಟಿಯ ಕಡೆಯಿಂದ ಉತ್ತರ ಬಂತು. “ಬೀಳ್ಲಿ ಬಿಡಪ್ಪ. ನಾನಿದೀನಿ.”