ಹಬ್ಬದ ಚೀಲ

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ನನ್ನ ಎರಡೂ ಕೈ ಲೋಳೆಯಾಗಿದ್ದವು. ಯಜಮಾನರು ಮಗ್ಗ ನಿಲ್ಲಿಸಿ ಬಂದು ಫೋನನ್ನು ನನ್ನ ಕಿವಿಗೆ ಹಿಡಿದರು. ಹಿಂದಿನ ದಿನದ ಪರೀಕ್ಷೆಯಲ್ಲಿ ಇವರ ಹೊಟ್ಟೆಯ ಪೊರೆ ಸೋತಂತೆ ಕಾಣುತ್ತಿದೆ, ನಾಳೆ ಇಬ್ಬರೂ ಬನ್ನಿ ಎಂದರು ನರ್ಸಮ್ಮ.

ಕಿಡ್ನಿ ಕೈಕೊಟ್ಟ ಮೇಲೆ ಇವರಿಗೆ ಮನೆಯಲ್ಲೇ ಡಯಾಲಿಸಿಸ್. ದಿನಕ್ಕೆ ನಾಲ್ಕು ಸಲ, ಚೀಲದಲ್ಲಿ ಬರುವ ಸಕ್ಕರೆ ಬೆರೆತ ಎರಡು ಲೀಟರ್ ದ್ರವವನ್ನು ಕೊಳವೆಯಿಂದ ಹೊಟ್ಟೆಗೆ ಬಿಡಬೇಕು. ಪೊರೆಯ ಆಚೆ ರಕ್ತದಲ್ಲಿರುವ ಹೆಚ್ಚಿನ ನೀರನ್ನೂ ಕಸವನ್ನೂ ಅದು ಎಳೆದುಕೊಳ್ಳುತ್ತದೆ. ಕೆಲವು ಗಂಟೆ ಬಿಟ್ಟು ಹೊರಗೆ ಇಳಿಸಬೇಕು. ನನ್ನ ಮಡಿಯನ್ನು ಮೂವತ್ತು ವರ್ಷ ಗೇಲಿ ಮಾಡಿದವರು, ಈಗ ಸೋಂಕು ತಾಗದಂತೆ ನಾನು ಕೈ ತೊಳೆದು ಮುಗಿಸುವವರೆಗೆ ತುಟಿ ಬಿಚ್ಚದೆ ಕಾಯುತ್ತಾರೆ. ದೇವರು ಇಷ್ಟಾದರೂ ಕೊಟ್ಟನಲ್ಲ.

ಪೊರೆ ಪೂರ್ತಿ ಸೋತರೆ ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರವೇ ಗತಿ. ದೊಡ್ಡಬಳ್ಳಾಪುರದಲ್ಲಿ ಎರಡು ಮಗ್ಗ ಇಟ್ಟುಕೊಂಡವರಿಗೆ ಅದು ಮಗ್ಗ ಮುಚ್ಚಿದ ಹಾಗೆಯೇ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ನಿಧಾನವಾಗಿ ವಿವರಿಸಿದರು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ನಮ್ಮ ಮೈಯೇ ಮಾಡಿಕೊಳ್ಳುವಂಥದು, ರಕ್ತನಾಳ ಸಡಿಲಿಸುತ್ತದೆ, ಹೃದಯಕ್ಕೆ ಒಳ್ಳೆಯದು. ಆದರೆ ವರ್ಷಗಟ್ಟಲೆ ಸಕ್ಕರೆ ತಾಗಿದ ಪೊರೆಯಲ್ಲಿ ಅದು ಅತಿಯಾಗಬಹುದು. ಆಗ ನಾಳಗಳು ಅಗಲವಾಗಿ, ಸಕ್ಕರೆ ಬೇಗನೆ ರಕ್ತಕ್ಕೆ ಜಾರಿಹೋಗುತ್ತದೆ. ನೀರು ಎಳೆಯಲು ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಅದೊಂದೇ ಕಾರಣವಲ್ಲ ಎಂದೂ ಸೇರಿಸಿದರು. ಕೊನೆಗೆ, ಸಕ್ಕರೆ ಜಾಸ್ತಿಯಿರುವ ಚೀಲ ಎಷ್ಟು ಸಲ ಹಾಕಿದಿರಿ ಎಂದು ಕೇಳಿದರು.

"ಹಬ್ಬಕ್ಕೆ ಮಾತ್ರ ಸಾರ್," ಎಂದೆ.

ಆ ಚೀಲ ನೀರನ್ನು ಹೆಚ್ಚು ಎಳೆಯುತ್ತದೆ. ಕಾಲು ಊದಿದಾಗ ಮಾತ್ರ ಎಂದು ಮೊದಲೇ ಹೇಳಿದ್ದರು. ಆದರೆ ರಾಮನವಮಿಯ ದಿನ ಒಂದು ಲೋಟ ಪಾನಕವೂ ಇಲ್ಲದೆ ಇವರನ್ನು ಕೂರಿಸುವುದು ಹೇಗೆ? ಕುಡಿಯಲಿ, ಆಮೇಲೆ ಆ ಚೀಲ ಹಾಕಿದರಾಯಿತು ಎಂದುಕೊಂಡಿದ್ದೆ.

ಯಾವ ಯಾವ ಹಬ್ಬ ಎಂದರು. ಯುಗಾದಿಯಿಂದ ಶುರು ಮಾಡಿದೆ. ಶ್ರಾವಣದ ಶನಿವಾರಗಳು, ಕಾರ್ತೀಕದ ಸೋಮವಾರಗಳು, ಏಕಾದಶಿ ಮುಗಿದ ಪಾರಣೆ, ಸಂಕಷ್ಟಿ. ನಾನು ಧನುರ್ಮಾಸಕ್ಕೆ ಬರುವ ಹೊತ್ತಿಗೆ ಡಾಕ್ಟರು ಪೆನ್ನು ಕೆಳಗಿಟ್ಟಿದ್ದರು.

ಯಜಮಾನರು ನನ್ನ ಕಡೆ ತಿರುಗಿದರು. "ಕಾಫಿಗೆ ಅರ್ಧ ಚಮಚ ಸಕ್ಕರೆ ಕೇಳುದ್ರೆ ಕಣ್ಣು ಬಿಡ್ತಿದ್ದೆ. ಹೊಟ್ಟೆಗೆ ಮಾತ್ರ ವರ್ಷಪೂರ್ತಿ ಹಬ್ಬದೂಟ ಬಡಿಸ್ದೆಯಲ್ಲೇ."

"ಪಾನಕ ಬೇಡ ಅಂತ ನೀವೂ ಒಂದಿನ ಹೇಳ್ಲಿಲ್ವಲ್ರೀ," ಎಂದೆ.

ತಪ್ಪೆಲ್ಲ ನನ್ನದೇ ಎನ್ನಲಾಗದು, ಆದರೆ ಹಬ್ಬದ ಚೀಲದ್ದೂ ಪಾಲಿರಬಹುದು ಎಂದರು ಡಾಕ್ಟರು. ಸದ್ಯಕ್ಕೆ ಮನೆಯಲ್ಲೇ ಮುಂದುವರಿಸಬಹುದು. ಆ ಚೀಲ ನಿಲ್ಲಬೇಕು, ಉಪ್ಪೂ ನೀರೂ ಹಿಡಿತದಲ್ಲಿರಬೇಕು, ದ್ರವ ಹೊಟ್ಟೆಯಲ್ಲಿರುವ ಹೊತ್ತು ಕಡಿಮೆಯಾಗಬೇಕು. ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಮೂರು ತಿಂಗಳು ಮಗ್ಗ ಓಡುತ್ತದೆ. ಅಷ್ಟಕ್ಕೇ ಕೈ ಮುಗಿದೆ.

ಮನೆಗೆ ಬಂದು ಹಬ್ಬದ ಚೀಲಗಳನ್ನು ಅಟ್ಟಕ್ಕೆ ಏರಿಸಿದೆ. ದೇವರ ಮುಂದೆ ಕ್ಯಾಲೆಂಡರ್ ತೆಗೆದು ನೋಡಿದರೆ ನಾಳೆಯೇ ಏಕಾದಶಿ. ಫ್ರಿಜ್ಜಿನಲ್ಲಿ ಅರ್ಧ ಬೋಗುಣಿ ಅವರೆಕಾಳು ಹಾಗೇ ಉಳಿದಿತ್ತು. ಇವತ್ತೇ ಸಾರಾಗಬೇಕು. ಹಿತುಕಲು ಕೂತೆ.